ಪರದೆಯ ಮೇಲೆ ದೂರವಿದ್ದ ಲಾರಿ

ಅಣ್ಣನ ಲಾರಿಗೆ ಧೂಳು ಹಚ್ಚುವುದು ನನ್ನ ಕೆಲಸವಾಗಿತ್ತು. ಲಾರಿ ಎಂದರೆ ಅಂಗೈಗಿಂತ ಸ್ವಲ್ಪ ಉದ್ದದ್ದು, ಒಂದರ ಮೇಲೊಂದು ಒತ್ತಿ ಕೂರಿಸುವ ಪ್ಲಾಸ್ಟಿಕ್ ಇಟ್ಟಿಗೆಗಳಲ್ಲಿ ಕಟ್ಟಿದ್ದು. ಅಂಗಡಿಯವರು ಅದಕ್ಕೆ ಬ್ಲಾಕ್ಸ್ ಅನ್ನುತ್ತಾರೆ. ಅಣ್ಣ ಮಾತ್ರ ಇಟ್ಟಿಗೆ ಎಂದೇ ಅನ್ನುತ್ತಿದ್ದ. ಕಟ್ಟಿದ್ದನ್ನು ನಿಜವಾದದ್ದೇ ಅನ್ನಿಸುವಂತೆ ಫೋಟೋ ತೆಗೆಯುವುದು ಅವನ ಹುಚ್ಚು. ಹೊಸ ಪ್ಲಾಸ್ಟಿಕ್ಕು ಫೋಟೋದಲ್ಲಿ ಪಳಪಳ ಹೊಳೆದು, ತಾನು ಆಟದ ಸಾಮಾನು ಎಂದು ಹೇಳಿಬಿಡುತ್ತದೆ. ಅದಕ್ಕೇ ನಾನು ರಾಗಿ ಹಿಟ್ಟಿಗೆ ಚಿಟಿಕೆ ಕೆಮ್ಮಣ್ಣು ಬೆರೆಸಿ, ಒಣ ಬ್ರಷ್ಷಿನಲ್ಲಿ ಚಕ್ರಗಳ ಸುತ್ತ, ಬಂಪರಿನ ಕೆಳಗೆ ಮೆತ್ತಗೆ ತಟ್ಟುತ್ತಿದ್ದೆ.

"ಮುದ್ದೆಗೆ ಇಟ್ಟಿರೋ ಹಿಟ್ಟು ಕಣೇ ಅದು," ಅಮ್ಮ ಅಡುಗೆಮನೆಯಿಂದ ಅನ್ನುತ್ತಿದ್ದಳು. "ನಿಮ್ಮಣ್ಣನ ಲಾರೀನೂ ಉಣ್ಣುತ್ತಾ?"

"ಉಣ್ಣುತ್ತಮ್ಮ, ಸಾರು ಮಾತ್ರ ಬೇಡವಂತೆ," ಅನ್ನುತ್ತಿದ್ದ ಅಣ್ಣ.

ಕೋಲಾರದ ನಮ್ಮ ಮನೆಯ ಮುಂದಿನ ಕೋಣೆಯೇ ಅವನ ಸ್ಟುಡಿಯೋ. ಮಾಲೂರಿನ ಕಡೆ ಒಂದು ಕಾರ್ಖಾನೆಯಲ್ಲಿ ಅವನಿಗೆ ಶಿಫ್ಟಿನ ಕೆಲಸ. ರಜೆ ಬಂತೆಂದರೆ ಊಟದ ಮೇಜು ಕಿಟಕಿಯ ಪಕ್ಕಕ್ಕೆ ಸರಿಯುತ್ತಿತ್ತು. ಮೇಜಿನಿಂದ ಗೋಡೆಗೆ ಮಡಿಕೆ ಬೀಳದಂತೆ ಬಾಗಿಸಿ ಅಂಟಿಸಿದ ಬೂದು ಚಾರ್ಟ್ ಪೇಪರ್, ಬಿಸಿಲು ಮೆತ್ತಗಾಗಲು ಕಿಟಕಿಗೆ ಬಟರ್ ಪೇಪರ್, ನೆರಳು ಬೀಳುವ ಕಡೆ ಬೆಳಕು ತಿರುಗಿಸಲು ನನ್ನ ಕೈಯಲ್ಲೊಂದು ಥರ್ಮೋಕೋಲ್ ಹಲಗೆ. ಫೋನನ್ನು ಅವನು ತಲೆಕೆಳಗಾಗಿ ಹಿಡಿಯುತ್ತಿದ್ದ. ಹಾಗೆ ಹಿಡಿದರೆ ಲೆನ್ಸು ಮೇಜಿಗೆ ತಾಗುವಷ್ಟು ಕೆಳಗೆ ಬರುತ್ತದೆ. "ಮೇಲಿಂದ ನೋಡಿದ್ರೆ ಯಾವ ಲಾರೀನೂ ಆಟಿಕೆನೇ. ರಸ್ತೆ ಮೇಲೆ ಮಲ್ಕೊಂಡು ನೋಡು, ಆಗ ಲಾರಿ ಅಂದ್ರೆ ಏನು ಅಂತ ಗೊತ್ತಾಗುತ್ತೆ," ಅನ್ನುತ್ತಿದ್ದ.

ಒಳಗಿನ ಬೆಳಕು ಹೇಳಿದ ಮಾತು ಕೇಳುತ್ತದೆ. ಹೊರಗಿನದು ಕೇಳುವುದಿಲ್ಲ. ಒಮ್ಮೆ ಗೌನಿಪಲ್ಲಿಯ ಹತ್ತಿರ ಮಾವಿನ ತೋಪಿನಲ್ಲಿ ಲಾರಿ ಇಟ್ಟೆವು. ಎಲೆಗಳ ಸಂದಿಯ ಬಿಸಿಲು ಚಕ್ರದಷ್ಟು ದೊಡ್ಡ ಮಚ್ಚೆಗಳಾಗಿ ಬಿದ್ದು ಎಲ್ಲ ಕೆಡಿಸಿತು. ಒಂದು ಇರುವೆ ಬಾನೆಟ್ಟು ಹತ್ತಿ ಫೋಟೋದಲ್ಲಿ ನಾಯಿಯಷ್ಟಾಯಿತು. ಇನ್ನೊಮ್ಮೆ ಲಕ್ಕೂರಿನ ದಾರಿಯಲ್ಲಿ ಇಟ್ಟಿಗೆ ಗೂಡೊಂದರ ಮುಂದೆ ನಿಜವಾದ ಇಟ್ಟಿಗೆ ಸಾಲುಗಳನ್ನು ಹಿಂದೆ ಇಟ್ಟುಕೊಂಡು ತೆಗೆಯುತ್ತಿದ್ದಾಗ, ಅಲ್ಲಿ ಕೆಲಸ ಮಾಡುವ ಹೆಂಗಸೊಬ್ಬಳು ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಇದೂ ಇಟ್ಟಿಗೇನಾ? ಎಲ್ಲಿ ಸುಡೋದು ಇದನ್ನ?"

"ಇದನ್ನ ಸುಟ್ರೆ ಕರಗೋಗುತ್ತಮ್ಮ," ಅಂದ ಅಣ್ಣ.

"ಹಂಗಾದ್ರೆ ಅದೇನ್ ಇಟ್ಟಿಗೆ ಬಿಡಪ್ಪ," ಎಂದು ನಕ್ಕು, ಹೋಗುವಾಗ ಫೋಟೋ ತೋರಿಸಿಕೊಂಡೇ ಹೋದಳು.

ನಂಗಲಿಗೆ ಹೋದದ್ದು ಒಂದೇ ಒಂದು ಚಿತ್ರಕ್ಕಾಗಿ. ಆ ಚಿತ್ರದ ಆಸೆ ಅವನಿಗೆ ಬಹಳ ದಿನದಿಂದ ಇತ್ತು. ಅಲ್ಲಿ, ಆಂಧ್ರದ ಗಡಿಯ ಹೆದ್ದಾರಿಯ ಪಕ್ಕದಲ್ಲಿ, ಲಾರಿಗಳು ಇಳಿದು ನಿಲ್ಲುವ ಮಣ್ಣಿನ ಬಯಲೊಂದಿದೆ. ಅಂಚಿನಲ್ಲಿ ಟೀ ಅಂಗಡಿ. ಮುಂದೆ ಆಟಿಕೆ ಲಾರಿ, ಹಿಂದಿನಿಂದ ಬರುವ ನಿಜವಾದ ಲಾರಿ, ಎರಡೂ ಚಿತ್ರದಲ್ಲಿ ಒಂದೇ ಅಳತೆ. ಯಾವುದು ನಿಜ, ಯಾವುದು ಕಟ್ಟಿದ್ದು ಎಂದು ನೋಡಿದವರಿಗೆ ತಿಳಿಯಬಾರದು.

ಡಿಗ್ರಿಯಲ್ಲಿ ನನ್ನದು ಭೌತಶಾಸ್ತ್ರ. ಫೋನಿನಲ್ಲಿರುವಂಥ, ಅಗಲವಾಗಿ ನೋಡುವ ಲೆನ್ಸು ಹತ್ತಿರದ್ದನ್ನು ಹಿಗ್ಗಿಸುತ್ತದೆ, ದೂರದ್ದನ್ನು ಇನ್ನಷ್ಟು ದೂರ ತಳ್ಳುತ್ತದೆ. ಪರೀಕ್ಷೆಯಲ್ಲಿ ಇದನ್ನು ಚಿತ್ರ ಬಿಡಿಸಿ ಬರೆದು ಬಂದವಳು ನಾನು. ಅಂದರೆ ಪರದೆಯ ಮೇಲೆ ನಿಜವಾದ ಲಾರಿ ಆಟಿಕೆಯಷ್ಟು ದೊಡ್ಡದಾಗಬೇಕಾದರೆ, ಅದು ತೀರಾ ಹತ್ತಿರ ಬಂದಿರಬೇಕು. ಅಣ್ಣನಿಗೂ ಅದು ಗೊತ್ತಿತ್ತು. ಗೊತ್ತಿದ್ದೂ ಅವನ ಕಣ್ಣು ಆ ಹೊತ್ತಿನಲ್ಲಿ ಪರದೆಯನ್ನೇ ನಂಬಿತು. ಫೋಟೋ ತೆಗೆಯುವವರ ಕಣ್ಣು ಹಾಗೆಯೇ. ಪರದೆಯಲ್ಲಿ ಇರುವುದಷ್ಟೇ ಅವರಿಗೆ ಲೋಕ.

ಬೆಳಗಿನ ಬಿಸಿಲು ಓರೆಯಾಗಿ ಬಿದ್ದಿತ್ತು. ಆಟಿಕೆಯ ಎದುರು ಅವನು ಹೊಟ್ಟೆಯ ಮೇಲೆ ಮಲಗಿ, ಫೋನನ್ನು ತಲೆಕೆಳಗು ಮಾಡಿ ಮಣ್ಣಿಗೆ ಒತ್ತಿ ಹಿಡಿದಿದ್ದ. ನಾನು ಪಕ್ಕದಲ್ಲಿ, ನಾಲ್ಕು ಹೆಜ್ಜೆ ಆಚೆ, ಥರ್ಮೋಕೋಲ್ ಹಿಡಿದು ಕೂತಿದ್ದೆ. ಟೊಮೇಟೊ ಕ್ರೇಟು ತುಂಬಿದ ಲಾರಿಯೊಂದು ಹೆದ್ದಾರಿಯಿಂದ ಇಳಿಯಿತು.

"ಬಂತು," ಅಂದೆ.

"ನೋಡ್ತಾ ಇದ್ದೀನಿ. ಬೆಳಕು ಅಲ್ಲಾಡಿಸಬೇಡ ಕಣೇ."

ಅದು ಬಯಲಿನ ಆ ಕೊನೆಯಲ್ಲೇ ನಿಲ್ಲುತ್ತದೆ ಎಂದುಕೊಂಡಿದ್ದೆವು. ಅದಕ್ಕೆ ಮುಂಚೆ ಬಂದವೆಲ್ಲ ಅಲ್ಲೇ ನಿಂತಿದ್ದವು. ಇದು ನಿಲ್ಲಲಿಲ್ಲ. ನೆರಳು ಹುಡುಕಿಕೊಂಡು ಅರ್ಧ ಸುತ್ತು ತಿರುಗಿ ನಮ್ಮ ಕಡೆ ಬಂತು. ವೇಗವೇನೂ ಇರಲಿಲ್ಲ. ಅದೇ ನನ್ನನ್ನು ಈಗಲೂ ಕೊಲ್ಲುವುದು, ಅದು ನಡೆದುಕೊಂಡು ಬರುವಷ್ಟು ನಿಧಾನವಾಗಿ ಬಂತು.

"ಅಣ್ಣ, ಏಳು."

"ಇನ್ನೂ ದೂರ ಇದೆ. ನಮ್ಮ ಆಟಿಕೆಯ ಅರ್ಧದಷ್ಟೂ ಆಗಿಲ್ಲ."

"ಅಣ್ಣ, ತಲೆ ಎತ್ತಿ ನೋಡು."

ಹೆದ್ದಾರಿಯಲ್ಲಿ ಬಸ್ಸೊಂದು ಉದ್ದಕ್ಕೆ ಹಾರ್ನ್ ಹೊಡೆಯಿತು. ನನ್ನ ಮಾತು ಅವನಿಗೆ ಕೇಳಿತೋ ಇಲ್ಲವೋ ನನಗೆ ಇಂದಿಗೂ ಗೊತ್ತಿಲ್ಲ. ಅವನನ್ನೇ ಕೇಳಲು ಧೈರ್ಯ ಬಂದಿಲ್ಲ. ಕೊನೆಗೆ ಅವನು ತಲೆ ಎತ್ತಿದ. ನೋಡಿದ ತಕ್ಷಣ ಎಡಕ್ಕೆ ಉರುಳಿದ. ತಪ್ಪಿಸಿಕೊಂಡ. ಅವನು ಪೂರ್ತಿ ತಪ್ಪಿಸಿಕೊಂಡದ್ದನ್ನು ನಾನು ಕಂಡಿದ್ದೇನೆ. ಆಮೇಲೆ, ಎದುರಿದ್ದ ಆಟಿಕೆ ಲಾರಿಗಾಗಿ ಬಲಗೈ ಚಾಚಿದ.

ಡ್ರೈವರ್ ವಯಸ್ಸಾದವನು. ಚಕ್ರದ ಅಂಚು ಆ ಕೈಯ ಮೇಲೆ ಹತ್ತಿದಾಗ, ನನ್ನ ಕಿರುಚಾಟಕ್ಕೆ ಬ್ರೇಕ್ ಒತ್ತಿ ಕೆಳಗೆ ಧುಮುಕಿದ. ತನ್ನ ಟವೆಲ್ಲನ್ನೇ ಅಣ್ಣನ ಕೈಗೆ ಸುತ್ತಿದವನು ಅವನು, ಹಾದುಹೋಗುತ್ತಿದ್ದ ಕಾರೊಂದನ್ನು ಅಡ್ಡಹಾಕಿ ನಮ್ಮನ್ನು ಹತ್ತಿಸಿದವನೂ ಅವನೇ. "ಪಡುಕೊನಿ ಉನ್ನಾಡಮ್ಮಾ, ಎಟ್ಲಾ ಕನಪಡತಾಡು?" ಮಲಗಿದ್ದವನು ಹೇಗಮ್ಮ ಕಾಣುತ್ತಾನೆ ಎಂದು ಅದನ್ನೇ ತೆಲುಗಿನಲ್ಲಿ ಹೇಳುತ್ತಲೇ ಇದ್ದ. ನನ್ನನ್ನು ಕೇಳುತ್ತಿದ್ದನೋ, ತನಗೆ ತಾನೇ ಹೇಳಿಕೊಳ್ಳುತ್ತಿದ್ದನೋ. ಅವನ ಮೇಲೆ ಸಿಟ್ಟು ಮಾಡಿಕೊಳ್ಳಲು ಎಷ್ಟೋ ಸಲ ಪ್ರಯತ್ನಿಸಿದ್ದೇನೆ. ಆಗುವುದಿಲ್ಲ. ಅಷ್ಟು ಎತ್ತರದ ಸೀಟಿನಿಂದ ನೆಲದ ಮೇಲಿನ ಮನುಷ್ಯ ನಿಜವಾಗಿಯೂ ಕಾಣುವುದಿಲ್ಲ.

ಕೋಲಾರದ ಆಸ್ಪತ್ರೆಯಲ್ಲಿ ಕೈ ಉಳಿಸಿದರು. ಹೆಬ್ಬೆರಳು ಚೆನ್ನಾಗಿದೆ. ಉಳಿದ ಬೆರಳುಗಳು ಇವೆ, ಆದರೆ ಮಡಚುವುದಿಲ್ಲ. ಮೆತ್ತನೆಯ ಚೆಂಡು ಕೊಟ್ಟು ದಿನವೂ ಹಿಸುಕಿಸಿದರು. ಚೆಂಡು ಉರುಳಿ ಮಂಚದ ಕೆಳಗೆ ಹೋಗುತ್ತಿತ್ತು, ಅಮ್ಮ ಬಗ್ಗಿ ತೆಗೆದುಕೊಡುತ್ತಿದ್ದಳು, ಮತ್ತೆ ಉರುಳುತ್ತಿತ್ತು. ಕೊನೆಗೆ ಡಾಕ್ಟರು, ಇಷ್ಟೇ ಅಂದುಕೊಳ್ಳಿ, ಅಂದರು. ಕಾರ್ಖಾನೆಯಲ್ಲಿ ಅವನನ್ನು ಯಂತ್ರದಿಂದ ತೆಗೆದು ಗೇಟಿನ ಬಳಿ ಕೂರಿಸಿದರು. ಮಾರನೆಯ ದಿನದಿಂದಲೇ ಅವನು ಅಲ್ಲಿಗೆ ಹೋಗತೊಡಗಿದ.

ಅವನಿಗೆ ಬೇಕಾಗಿದ್ದುದು ಬೇರೆ. ಒಂದು ಭಾನುವಾರ ಬೆಳಿಗ್ಗೆ, ಅರ್ಧ ಕಟ್ಟಿ ಬಿಟ್ಟಿದ್ದ ಟ್ರ್ಯಾಕ್ಟರನ್ನು ಎಡಗೈಯಲ್ಲಿ ಎತ್ತಿಕೊಂಡು ನನ್ನ ಮುಂದೆ ಕೂತ.

"ಲೇ, ಕಣ್ಣು ನಂದು, ಕೈ ನಿಂದು. ಆಗುತ್ತಾ?"

ಅವನ ಮುಖದಲ್ಲಿ ಅಷ್ಟು ಆಸೆಯನ್ನು ನಾನು ಆಸ್ಪತ್ರೆಯಲ್ಲೂ ಕಂಡಿರಲಿಲ್ಲ. ಕೈ ಬೇಕು ಎಂದು ಅವನು ದೇವರನ್ನು ಕೇಳಿದನೋ ಇಲ್ಲವೋ, ನನ್ನನ್ನು ಮಾತ್ರ ಕೇಳಿದ. ಆಗುತ್ತೆ ಅಂದೆ.

ಕಟ್ಟುವುದು ಆಯಿತು. ಅವನು ಹೇಳಿದ, ನಾನು ಒತ್ತಿ ಕೂರಿಸಿದೆ. "ಅದು ಉಲ್ಟಾ ಕಣೇ, ಫಿಸಿಕ್ಸ್ ಮೇಡಮ್ಮು," ಎಂದು ನಕ್ಕ ಕೂಡ. ಅಮ್ಮ ಕಾಫಿ ತಂದಿಟ್ಟು, ಅವನು ನಗುವುದನ್ನು ಬಾಗಿಲಲ್ಲೇ ನಿಂತು ನೋಡಿದಳು.

ಫೋಟೋಗೆ ನಾನು ಮೇಜಿನ ಅಂಚಿಗೆ ಗಲ್ಲವಿಟ್ಟು ಪರದೆ ನೋಡಿದೆ. ಅಂಗೈಯಗಲದ ಟ್ರ್ಯಾಕ್ಟರು, ಅದೂ ನಿಂತಲ್ಲೇ ನಿಂತದ್ದು. ಪರದೆಯೊಳಗೆ ಅದು ದೂರ ಕಂಡಿತು. ದೂರ ಕಂಡ ಕ್ಷಣವೇ ನನ್ನ ತಲೆ ತಾನಾಗಿ ಮೇಲೆದ್ದಿತು. ಮತ್ತೆ ಬಗ್ಗಿದೆ, ಮತ್ತೆ ಎದ್ದಿತು. ಕಿವಿಯಲ್ಲಿ ಬಸ್ಸಿನ ಹಾರ್ನು. ನಾನು ಆ ಬೆಳಗನ್ನು ಮನಸ್ಸಿನಲ್ಲಿ ಎಷ್ಟು ಬಗೆಯಾಗಿ ತಿದ್ದಿದ್ದೇನೋ ಲೆಕ್ಕವಿಲ್ಲ. ಅವನ ಕಾಲು ಹಿಡಿದು ಎಳೆಯುತ್ತೇನೆ, ಬಿಳಿ ಹಲಗೆಯನ್ನು ಲಾರಿಯ ಗಾಜಿನ ಮುಂದೆ ಬೀಸುತ್ತೇನೆ, ಆಟಿಕೆಯನ್ನು ನಾನೇ ಒದೆಯುತ್ತೇನೆ. ಪ್ರತಿ ಸಲವೂ ಕೊನೆಗೆ ಅವನ ಕೈ ಚಾಚಿಕೊಳ್ಳುತ್ತದೆ. ಆ ಕೈ ನನ್ನದಾಗಿ ಮೇಜಿನ ಮೇಲೆ ನಡುಗುತ್ತಿತ್ತು.

"ಉಸಿರು ಹಿಡ್ಕೊ. ಮೊಣಕೈ ಊರು," ಅಂದ ಅಣ್ಣ.

ಊರಿದೆ. ತೆಗೆದದ್ದೆಲ್ಲ ಅಲುಗಿತ್ತು. ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸಿದೆವು. ಆಗ ಚಿತ್ರ ಅಲುಗಲಿಲ್ಲ, ಆದರೆ ಟ್ರ್ಯಾಕ್ಟರನ್ನು ಲೆನ್ಸಿನ ಮುಂದೆ ಕೂದಲೆಳೆಯಷ್ಟು ತಿರುಗಿಸಬೇಕಾಗಿತ್ತು. ಪರದೆಯಲ್ಲಿ ಚಕ್ರದ ಪಕ್ಕ ನನ್ನ ಬೆರಳುಗಳು ಕಂಡವು. ಕೈಯನ್ನು ಹಿಂದಕ್ಕೆ ಎಳೆದುಕೊಂಡ ರಭಸಕ್ಕೆ ಎಲ್ಲ ಉರುಳಿ ನೆಲಕ್ಕೆ ಬಿತ್ತು.

ಅಣ್ಣ ಬೈಯಲಿಲ್ಲ. ಎಡಗೈಯಿಂದ ನನ್ನ ಮಣಿಕಟ್ಟು ಹಿಡಿದು, ನಡುಕ ನಿಲ್ಲುವವರೆಗೂ ಹಾಗೇ ಕೂತಿದ್ದ. ಅದು ಬೇಗ ನಿಲ್ಲಲಿಲ್ಲ.

"ಮುಂದಿನ ವಾರ ನೋಡೋಣ," ಅಂದೆ.

"ಬೇಡ ಬಿಡು," ಅಂದ. "ನಿಂಗೂ ಪೆಟ್ಟಾಗಿದೆ. ನಾನೇ ಯೋಚನೆ ಮಾಡ್ಲಿಲ್ಲ."

ಆಮೇಲೂ ನಾನು ಅವನಿಲ್ಲದಾಗ ಪ್ರಯತ್ನಿಸಿದ್ದೇನೆ. ಅವನು ಗೇಟಿನ ಕೆಲಸಕ್ಕೆ ಹೋದ ಮೇಲೆ ಮೇಜು ಸರಿಸಿ, ಬಗ್ಗಿ ನೋಡಿದ್ದೇನೆ. ಆಗಿಲ್ಲ. ಅದನ್ನು ಅವನಿಗೆ ಹೇಳಿಲ್ಲ. ಹೇಳಿದರೆ ಅವನಿಗೆ ಇನ್ನೂ ಸ್ವಲ್ಪ ಆಸೆ ಉಳಿದಿದ್ದರೆ ಅದೂ ಹೋಗುತ್ತದೆ.

ಚಳಿಗಾಲದ ಬೆಳಗಿನಲ್ಲಿ ನಮ್ಮ ಕಿಟಕಿಯಿಂದ ಒಳ್ಳೆಯ ಬೆಳಕು ಬರುತ್ತದೆ. ಎಡಗೈಯಲ್ಲಿ ಕಾಫಿ ಲೋಟ ಹಿಡಿದು ಮಾತಾಡುತ್ತಿರುವ ಅಣ್ಣ ಒಮ್ಮೊಮ್ಮೆ ಅರ್ಧ ಮಾತಿಗೆ ನಿಲ್ಲಿಸಿ, ಖಾಲಿ ಮೇಜಿನ ಮೇಲೆ ಬಿದ್ದ ಆ ಬೆಳಕನ್ನೇ ನೋಡುತ್ತಾನೆ. ಅಂಥ ಹೊತ್ತಿನಲ್ಲಿ ಅವನು ನನ್ನ ಕಡೆ ತಿರುಗುವುದಿಲ್ಲ. ತಿರುಗಿ, ಇನ್ನೊಮ್ಮೆ ಆಗುತ್ತಾ ಎಂದು ಕೇಳಿಯಾನೆಂದು, ಅದಕ್ಕೆ ಮೊದಲೇ ನಾನು ಎದ್ದು ಒಳಗೆ ಹೋಗಿಬಿಡುತ್ತೇನೆ.