ಛೋಟಿ ನಾನಿಯ ಮಾಳಿಗೆ

ಬುಟ್ಟಿಯ ಮೇಲೆ ಹೊದಿಸಿದ ಒಣ ಬಾಳೆಯೆಲೆ ಸರಿಸಿದ ಕೂಡಲೇ ಕಮಲಾಪುರದ ಕೆಂಪು ಬಾಳೆಹಣ್ಣಿನ ವಾಸನೆ ನನ್ನ ಅಂಗಡಿಯ ತುಂಬ ಹರಡುತ್ತದೆ. ಬೆಲ್ಲ ಕರಗಿಸಿದಂಥ ವಾಸನೆ, ಅದರ ಬೆನ್ನಿಗೇ ಹುಲ್ಲಿನ ಬಿಸಿ. ಜಗತ್ ಸರ್ಕಲ್ಲಿನ ಗದ್ದಲ, ಆಟೋಗಳ ಹಾರ್ನು, ರೇಟಿಗಾಗಿ ಜಗ್ಗಾಡುತ್ತ ನಿಂತ ಗಿರಾಕಿ, ಎಲ್ಲ ಒಂದು ಗಳಿಗೆ ದೂರ ಸರಿದು ನಾನು ಮೋಮಿನಪುರದಲ್ಲಿ ನಾನಿಯ ಪಡಸಾಲೆಯ ತಣ್ಣನೆಯ ಶಹಾಬಾದ್ ಕಲ್ಲಿನ ಮೇಲೆ ಕಾಲು ಮಡಚಿ ಕೂತಿರುತ್ತೇನೆ. ನಾನಿ ಅಂದರೆ ನನ್ನ ಅಮ್ಮಿಯ ತಾಯಿ. ಮನೆಯಲ್ಲಿ ನಾವು ಆಡುವುದು ದಖನಿ, ಬೀದಿಗೆ ಇಳಿದರೆ ಕನ್ನಡ. ನಾನಿಯ ಬಾಯಲ್ಲಿ ಎರಡೂ ಒಂದೇ ಪದಾರ್ಥದ ಹಾಗೆ ಕಲೆತುಹೋಗಿದ್ದವು. ಗಿರಾಕಿ ‘ಏನಕ್ಕಾ, ನಿದ್ದಿ ಬಂತೇನು?’ ಎಂದು ಚುಚ್ಚುತ್ತಾನೆ. ನಾನು ಎಚ್ಚರಾಗಿ, ಅವನು ಕೇಳಿದ್ದಕ್ಕಿಂತ ಒಂದು ಹಣ್ಣು ಹೆಚ್ಚಿಗೆ ಹಾಕಿ ಕಳಿಸುತ್ತೇನೆ. ಆ ವಾಸನೆ ಬಂದ ದಿನ ನಾನು ಚೌಕಾಸಿಯಲ್ಲಿ ಸೋಲುವುದು ಪೇಟೆಗೆಲ್ಲ ಗೊತ್ತಾಗಿದೆ. ಉಳಿದ ದಿನ ಮಾತ್ರ ನನ್ನ ಎದುರು ಗೆದ್ದು ಹೋದವರು ಕಡಿಮೆ.

ನಾನಿ ಓಣಿಯ ಮಕ್ಕಳಿಗೆಲ್ಲ ಉಸ್ತಾನಿಮಾ, ಅಂದರೆ ಪಾಠ ಹೇಳುವ ಅಮ್ಮ. ಅಲಿಫ್, ಬೇ ಕಲಿಸುವುದರಿಂದ ಹಿಡಿದು ಹಿರಿಯರ ಎದುರು ಹೇಗೆ ಕೂಡಬೇಕು ಅನ್ನುವತನಕ ಎಲ್ಲವೂ ಆ ಪಡಸಾಲೆಯಲ್ಲೇ. ಗೋಡೆಗೆ ಸುಣ್ಣ, ಮೂಲೆಗೆ ನೀರಿನ ಹರವಿ, ಅಂಗಳದಲ್ಲಿ ಒಂದು ಮದರಂಗಿ ಗಿಡ, ಬಿದಿರು ಬುಟ್ಟಿಯ ಕೆಳಗೆ ಗೊಣಗುವ ಕೋಳಿಗಳು. ಆ ಪಾಠಶಾಲೆಗೆ ಬೋರ್ಡು ಇರಲಿಲ್ಲ, ಆದರೆ ಅಲ್ಲಿ ಕಲಿತವರು ಇಂದಿಗೂ ಸಿಕ್ಕರೆ ‘ನಾವು ಉಸ್ತಾನಿಮಾನ ಕೈಯಾಗ ಕಲಿತವರು’ ಎಂದು ಎದೆ ಸೆಟೆಸಿ ಹೇಳುತ್ತಾರೆ.

ಒಂದು ವರ್ಷ ಶಬೆ ಬರಾತಿನ ದಿನ ಬೆಳಿಗ್ಗೆಯೇ ನಮ್ಮನ್ನೆಲ್ಲ ಕರೆಸಿದ್ದಳು. ಶಾಬಾನ್ ತಿಂಗಳ ನಡುವಿನ ಆ ರಾತ್ರಿ ಮಾಫಿಯ ರಾತ್ರಿ. ದೊಡ್ಡವರು ನಮಾಜು, ಕುರಾನ್ ಓದುವುದರಲ್ಲಿ ಬೆಳಗು ಮಾಡುತ್ತಾರೆ, ಗಂಡಸರು ಖಬರಸ್ತಾನಕ್ಕೆ ಹೋಗಿ ಸತ್ತ ಹಿರಿಯರಿಗಾಗಿ ದುವಾ ಕೇಳುತ್ತಾರೆ. ನಮಗೆ ಆಗ ಗೊತ್ತಿದ್ದದ್ದು ಕಡಲೆಬೇಳೆ ಹಲ್ವಾ ಅಷ್ಟೆ. ನಾನಿ ಹಲ್ವಾದ ಮಾತೇ ಎತ್ತಲಿಲ್ಲ. ಅಂಗಳದಿಂದ ಆರಿಸಿ ತಂದ ಒಂದೊಂದು ಹರಳನ್ನು ನಮ್ಮ ಕೈಗಿಟ್ಟು, ‘ಬಿಗೀ ಹಿಡೀರಿ. ಈಗ ದುವಾ ಕೇಳ್ರಿ’ ಅಂದಳು. ನಾವು ಮುಷ್ಟಿ ಹಿಡಿದುಕೊಂಡು ಒಬ್ಬರ ಮುಖ ಒಬ್ಬರು ನೋಡಿದೆವು. ಪಕ್ಕದ ಮನೆಯ ಇರ್ಫಾನ್, ‘ಉಸ್ತಾನಿಮಾ, ಮುಷ್ಟಿ ಹಿಡಕೊಂಡು ಹ್ಯಾಂಗ ಕೇಳೋದು? ಬೊಗಸಿ ತೆರೀಬೇಕಲ್ಲ!’ ಅಂದ.

‘ಹಾಂ, ಹಂಗ ಹೇಳು ಮತ್ತ! ಇವತ್ತು ರಾತ್ರಿ ಅಲ್ಲಾಹ್ ಎಲ್ಲಾರಿಗೂ ಕೊಡ್ತಾನ, ಕೇಳಿದವರಿಗೆಲ್ಲಾ ಮಾಫ್ ಮಾಡ್ತಾನ. ಆದ್ರ ಒಬ್ಬರ ಮ್ಯಾಲ ಸಿಟ್ಟು ಹಿಡಕೊಂಡು ಬಂದವರ ಕೈಯಾಗ ಎಲ್ಲಿ ಹಾಕಬೇಕವ? ಹೋಗ್ರಿ, ಯಾರ ಕೂಡ ಜಗಳ ಆಡೀರಿ, ಮಾಫಿ ಕೇಳಿ ಬರ್ರಿ. ಆಮ್ಯಾಲ ಹರಳು ನನ್ನ ಮುಂದ ಇಡ್ರಿ.’

ಆ ಬೆಳಿಗ್ಗೆ ಓಣಿಯ ತುಂಬ ಮಾಫಿಯ ಸುಗ್ಗಿ. ಇರ್ಫಾನ್ ಎದುರು ಮನೆಯ ಮುದುಕಿಯ ಬಿಳಿ ಕೋಳಿಗೆ ಶಾಯಿ ಬಳಿದಿದ್ದ. ಆಕೆ, ‘ಮಾಫ್ ಮಾಡ್ತೀನಪ್ಪಾ, ಮೊದಲ ಕೋಳಿ ತೊಳದು ಕೊಡು’ ಅಂದು ಬಕೀಟು ಮುಂದಿಟ್ಟಳು. ಎಲ್ಲರೂ ತಿರುಗಿ ಬಂದು ಹರಳು ಇಟ್ಟ ಮೇಲೆ ನಾನಿ ಬಾಳೆಹಣ್ಣಿನ ಬುಟ್ಟಿ ಎಳೆದು ಕೈಗೊಂದು ಹಣ್ಣು ಕೊಟ್ಟಳು. ಅದು ಹಿಂದಿನ ದಿನ ಕಮಲಾಪುರದಿಂದ ಬಸ್ಸಿನಲ್ಲಿ ಬಂದ ಬುಟ್ಟಿ. ಪ್ರತಿ ವರ್ಷ ಈ ಹಬ್ಬಕ್ಕೆ ನಾನಿಯ ತಂಗಿ, ಛೋಟಿ ನಾನಿ, ತನ್ನ ತೋಟದ್ದು ಕಳಿಸುತ್ತಿದ್ದಳು. ಪ್ರತಿ ವರ್ಷ ನಾನಿ ಅದನ್ನು ಪೂರಾ ಹಂಚಿಬಿಡುತ್ತಿದ್ದಳು. ತಾನು ಒಂದನ್ನೂ ಸುಲಿಯುತ್ತಿರಲಿಲ್ಲ.

ನನಗೆ ಸಣ್ಣಂದಿನಿಂದಲೇ ಒಂದು ಗುಣ: ಎದುರಿನವರು ಏನು ತಗೊಂಡರು ಅನ್ನುವುದಕ್ಕಿಂತ ಏನು ಮುಟ್ಟಲಿಲ್ಲ ಅನ್ನುವುದನ್ನು ನೋಡುವುದು. ವ್ಯಾಪಾರ ಮಾಡುವವರು ಇದನ್ನು ಕಲಿಯಬೇಕು, ಹಣ್ಣಿನ ವಾಸನೆಗಿಂತ ಇದು ಹೆಚ್ಚು ಹೇಳುತ್ತದೆ. ನಾನು ಎದ್ದು ಹೋಗಿ, ಆಕೆಯ ಮುಂದೆ ಇಟ್ಟಿದ್ದ ನನ್ನ ಹರಳನ್ನು ಎತ್ತಿ ನಾನಿಯ ಕೈಯಲ್ಲೇ ಇಟ್ಟೆ. ‘ನಾನಿ, ನೀವು ಛೋಟಿ ನಾನಿ ಹತ್ರ ಹೋಗಿ ಬರ್ರಿ. ಆಮ್ಯಾಲ ಇಡ್ರಿ’ ಅಂದೆ. ಅಡುಗೆಮನೆಯಿಂದ ಅಮ್ಮಿ ಓಡಿಬಂದು ನನ್ನ ಕಿವಿ ಹಿಡಿದಳು. ನಾನಿ ಹರಳನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಒಳಗೆ ಹೋದಳು.

ಏನಾಗಿತ್ತು ಅಂದರೆ, ಬಹಳ ಹಿಂದೆ, ಬೇಸಿಗೆಯಲ್ಲಿ, ಕಮಲಾಪುರದಲ್ಲಿ ಅವರ ತಾಯಿ ತೀರಿಕೊಂಡಿದ್ದಳು. ಸುದ್ದಿ ಮುಟ್ಟಿದ ಕೂಡಲೇ ನಾನಿ ಹೊರಟಳು, ನಡುದಾರಿಯಲ್ಲಿ ಬಸ್ಸು ಕೆಟ್ಟು ನಿಂತಿತು. ಆಕೆ ಮುಟ್ಟುವ ಹೊತ್ತಿಗೆ ಮಣ್ಣು ಕೊಟ್ಟು ಜನ ತಿರುಗಿ ಬರುತ್ತಿದ್ದರು. ತಾಯಿಯ ಮುಖ ಕಾಣಲಿಲ್ಲ. ‘ನೀ ಮನಿಯಾಗೇ ಇದ್ದಾಕಿ. ಒಂದು ಗಳಿಗಿ ತಡೀರಿ ಅನ್ನಾಕ ನಿನಗ ಬಾಯಿ ಇರಲಿಲ್ಲೇನು?’ ಎಂದು ತಂಗಿಗೆ ಕೇಳಿ, ಹೊಸ್ತಿಲಿನಿಂದಲೇ ತಿರುಗಿದವಳು ಮತ್ತೆ ಆ ಊರಿನ ದಾರಿ ತುಳಿದಿರಲಿಲ್ಲ. ಇದನ್ನು ಅಮ್ಮಿ ಕಿವಿ ಬಿಟ್ಟ ಮೇಲೆ ಪಿಸುಮಾತಿನಲ್ಲಿ ಹೇಳಿದಳು.

ಮಧ್ಯಾಹ್ನ ನಾನು ಖಾಲಿ ಬುಟ್ಟಿ ಹಿಡಿದು ನಾನಿಯ ಮುಂದೆ ನಿಂತೆ. ಕೊಟ್ಟವರ ಬುಟ್ಟಿಯನ್ನು ಖಾಲಿ ತಿರುಗಿಸಬಾರದು ಅನ್ನುವುದೂ ಆಕೆಯೇ ಕಲಿಸಿದ್ದು. ‘ಹಲ್ವಾ ಹಾಕಿ ಕೊಡ್ರಿ, ನಾ ಒಬ್ಬಾಕೀನೇ ಹೋಗಿ ಕೊಟ್ಟು ಬರ್ತೀನಿ’ ಅಂದೆ.

‘ಒಬ್ಬಾಕೀನ ಹ್ಯಾಂಗ ಕಳಸ್ಲಿ?’

‘ಹಂಗಾದ್ರ ಬಸ್ ಸ್ಟ್ಯಾಂಡ್ ತನಕ ಬರ್ರಿ.’

ಬಸ್ ಸ್ಟ್ಯಾಂಡಿಗೆ ಬಂದಳು. ಹುಮನಾಬಾದ ರಸ್ತೆಯ ಬಸ್ಸಿನಲ್ಲಿ ಭಾರಿ ರಶ್ಶು. ‘ಕಮಲಾಪುರದ ತನಕ ಕೂಡ್ರಿ, ಇಳದ ಕೂಡಲೇ ನೀವು ವಾಪಸ್’ ಅಂದೆ. ಕಮಲಾಪುರದಲ್ಲಿ ಇಳಿದ ಮೇಲೆ ಮನೆ ಗೊತ್ತಿಲ್ಲ ಅಂದೆ, ನಿಜಕ್ಕೂ ಗೊತ್ತಿರಲಿಲ್ಲ. ‘ಬಾಗಲಾ ತೋರಿಸಿ ಹೋಗ್ರಿ ಸಾಕು.’ ನಾನಿ ನನ್ನನ್ನು ದುರುಗುಟ್ಟಿ ನೋಡಿದಳು. ‘ಏನ್ ಹುಡುಗೀ ಇದು, ಯಾರ ಹೊಟ್ಯಾಗ ಹುಟ್ಟಿ ಬಂತು’ ಅನ್ನುತ್ತ ನಡೆದಳು. ಓದುವವರಿಗೆ ನನ್ನದೊಂದು ಮಾತು: ಯಾರಿಗೂ ಪೂರಾ ಗೊನೆ ಕೊಳ್ಳಿ ಅನ್ನಬೇಡಿ. ಒಂದು ಹಣ್ಣು ಸುಲಿದು ಕೈಗೆ ಕೊಡಿ. ಮುಂದಿನದು ಅವರೇ ಕೇಳುತ್ತಾರೆ.

ಊರಿನ ಅಂಚಿಗೆ, ಬಾಳೆತೋಟಕ್ಕೆ ಬೆನ್ನು ಕೊಟ್ಟ ಮಣ್ಣಿನ ಮಾಳಿಗೆಯ ಮನೆ. ಬಾಗಿಲಲ್ಲಿ ನಾನಿಯಷ್ಟೇ ಗಿಡ್ಡ, ನಾನಿಯದೇ ಮೂಗು ಇದ್ದ ಹೆಂಗಸು. ನಾನಿ ಬೇರೆ ಕಡೆ ನೋಡುತ್ತ, ‘ಬುಟ್ಟಿ ಕೊಡಾಕ ಬಂದೀನಿ’ ಅಂದಳು.

ಛೋಟಿ ನಾನಿ ಬುಟ್ಟಿಯನ್ನು ಮೇಲೆ ಕೆಳಗೆ ನೋಡಿದಳು. ‘ಇದೊಂದೇನು ಆಪಾ? ಇಷ್ಟು ವರ್ಷದ ಬುಟ್ಟಿ ಎಲ್ಲಿ ಹೋದ್ವು?’

‘ಕೋಳಿ ಮುಚ್ಚಾಕ ಆದ್ವು.’

‘ನಡೀಲಿ ಬಿಡು, ಕೋಳಿಗರೆ ನನ್ನ ಮ್ಯಾಲ ಸಿಟ್ಟಿಲ್ಲ’ ಅಂದಳು ಛೋಟಿ ನಾನಿ. ಆಕೆ ಮಾಫಿ ಕೇಳಲಿಲ್ಲ, ವಾದಕ್ಕೂ ನಿಲ್ಲಲಿಲ್ಲ. ಅಕ್ಕನ ಕೈ ಹಿಡಿದು, ‘ಮ್ಯಾಲ ಬಾ’ ಅಂದಳು.

ಹೊರಗಿನ ಕಲ್ಲಿನ ಮೆಟ್ಟಿಲು ಹತ್ತಿ ನಾವು ಮಾಳಿಗೆಗೆ ಬಂದೆವು. ಸಂಜೆಯ ಬಿಸಿಲು ಬಾಳೆಯೆಲೆಗಳ ಮೇಲೆ ಹಾಸಿತ್ತು. ತೋಟದ ಆಚೆ, ಬೇವಿನ ಮರದ ಕೆಳಗೆ ಖಬರಸ್ತಾನ, ಮರದ ಬುಡಕ್ಕೇ ಸುಣ್ಣ ಬಳಿದ ಒಂದು ಗೋರಿ, ಅವರ ತಾಯಿಯದು. ನಮ್ಮ ಮನೆತನದಲ್ಲಿ ಹೆಂಗಸರು ಖಬರಸ್ತಾನದ ಒಳಗೆ ಹೋಗುವ ರಿವಾಜು ಇಲ್ಲ. ಹೆಂಗಸಿನ ಕಣ್ಣಿಗೆ ಆ ಗೋರಿ ಕಾಣುವ ಜಾಗ ಊರಿನಲ್ಲೆಲ್ಲ ಇದೊಂದೇ ಮಾಳಿಗೆ. ಅಲ್ಲಿ ಮೊದಲೇ ಎರಡು ಚಾಪೆ ಹಾಸಿಟ್ಟಿದ್ದಳು.

‘ಬಿಸಲು ಭಾಳ ಇತ್ತು, ಹಿರಿಯರು ಕೇಳಲಿಲ್ಲ. ನಾ ಬಾಯಿ ಬಿಟ್ಟಿದ್ದೆ ಆಪಾ, ಯಾರೂ ಕಿವೀ ಮ್ಯಾಲ ಹಾಕೋಲಿಲ್ಲ. ಮಖ ತೋರಿಸೋದು ನನ್ನ ಕೈಯಾಗ ಇರಲಿಲ್ಲ. ಈ ಮಾಳಿಗಿ ಇತ್ತು. ವರ್ಷಾ ಎರಡು ಚಾಪಿ ಹಾಸ್ತೀನಿ’ ಅಂದಳು ಛೋಟಿ ನಾನಿ.

ನಾನಿ ಬೇವಿನ ಮರದ ಕಡೆ ತಿರುಗಿದಳು. ‘ಅಮ್ಮಾ ಕೊನಿಗೆ ಏನರೆ ಅಂದಳೇನು?’

‘ರಸ್ತಾದಾಗ ಬಸ್ಸಿನ ಸಪ್ಪಳಾದ್ರ ಕಣ್ಣು ತೆರೀತಿದ್ಳು. ನೀನೇ ಬಂದಿ ಅಂತ.’

ನಾನಿ ಸೆರಗಿನ ಗಂಟು ಬಿಚ್ಚಿದಳು. ಹರಳನ್ನು ಮಾಳಿಗೆಯ ಅಂಚಿಗೆ, ಯಾರ ಕಾಲಿಗೂ ಸಿಗದ ಹಾಗೆ, ಮೆಲ್ಲಗೆ ಇಟ್ಟಳು. ಆಮೇಲೆ, ‘ಚಾಪಿ ಈ ಕಡೆ ಎಳಿ, ನನ್ನ ಮೊಣಕಾಲು ನೋಯ್ತಾವ’ ಅಂದು ತಂಗಿಗೆ ತಾಗಿ ಕೂತು ಎರಡೂ ಕೈ ಬೊಗಸೆ ಮಾಡಿದಳು. ಫಾತಿಹಾ ಓದಿ ಮುಗಿಸಿದ ಮೇಲೆ, ಚಾಪೆಯ ಪಕ್ಕ ಇಟ್ಟಿದ್ದ ಒಂದು ಕೆಂಪು ಬಾಳೆಹಣ್ಣು ಸುಲಿದು, ಅರ್ಧ ಮುರಿದು ತಂಗಿಗೆ ಕೊಟ್ಟಳು. ನನಗೆ ಯಾರೂ ಕೊಡಲಿಲ್ಲ. ದಲಾಲರನ್ನು ಜನ ಮರೆಯುವುದು ಹೊಸದೇನಲ್ಲ. ಆದರೆ ಅಂಥ ದಲಾಲಿ ನಾನು ಮತ್ತೆ ಮಾಡಿಲ್ಲ.

ಮುಂದೆ ನಾನಿ ಹೋದ ದಿನವೂ ಬೇಸಿಗೆಯೇ. ಹಿರಿಯರು ಹೊತ್ತಾಯಿತು, ಎತ್ತೋಣ ಅಂದರು. ನಾನು ಬಾಗಿಲಿಗೆ ಅಡ್ಡ ನಿಂತು ಒಂದು ತಾಸು ಕೇಳಿದೆ, ಬೈಸಿಕೊಂಡು ಅರ್ಧ ತಾಸಿಗೆ ಇಳಿದೆ, ಮತ್ತೆ ಜಗ್ಗಿದೆ. ಛೋಟಿ ನಾನಿ ಆಟೋದಿಂದ ಇಳಿದು ಬಂದು ಅಕ್ಕನ ಮುಖ ಎರಡೂ ಕೈಯಲ್ಲಿ ಹಿಡಿದು ನೋಡಿದ ಮೇಲೆಯೇ ನಾನು ಬಾಗಿಲು ಬಿಟ್ಟೆ. ಇಷ್ಟು ವರ್ಷ ಇಷ್ಟೊಂದು ಮಾಲು ಕೊಂಡು ಮಾರಿದ್ದೇನೆ, ಆ ಅರ್ಧ ತಾಸಿನಷ್ಟು ಬೆಲೆಯದ್ದು ಯಾವುದನ್ನೂ ನಾನು ಯಾರಿಂದಲೂ ಗೆದ್ದುಕೊಂಡಿಲ್ಲ.

ಈಗ ಮೋಮಿನಪುರದ ಆ ಪಡಸಾಲೆ ಇಲ್ಲ, ಅಲ್ಲಿ ಮೊಬೈಲ್ ರಿಪೇರಿಯ ಅಂಗಡಿಗಳಿವೆ. ಛೋಟಿ ನಾನಿಯೂ ತಾಯಿಯ ಪಕ್ಕಕ್ಕೆ, ಬೇವಿನ ಮರದ ಕೆಳಗೇ ಹೋದಳು. ಆಕೆಯ ಮಕ್ಕಳು ಮನೆ ಮಾರುವಾಗ ಮಾತುಕತೆಗೆ ನನ್ನನ್ನು ಕೂಡಿಸಿದರು. ಕೊಂಡವರು ಅಲ್ಲಿಯವರೇ, ಬೇಳೆ ವ್ಯಾಪಾರದ ಸಾವುಕಾರರು. ಸೌದಾ ಮುಗಿದ ಮೇಲೆ ನಾನು ಹೇಳಿದೆ: ನನಗೇನೂ ಬೇಡ, ವರ್ಷಕ್ಕೊಂದು ಸಂಜೆ ಮಾಳಿಗೆಯ ಮೆಟ್ಟಿಲು ನಮ್ಮ ಹೆಂಗಸರಿಗೆ, ಮಕ್ಕಳಿಗೆ ಬಿಟ್ಟುಕೊಡಿ. ಸಾವುಕಾರರು ಹೆಂಡತಿಯ ಮುಖ ನೋಡಿದರು. ಶರಣಮ್ಮ, ‘ಅದನ್ನೇನು ಕೇಳ್ತೀರಿ ಅಕ್ಕಾ, ಮೆಟ್ಟಲಿಗೆ ಬೀಗ ಹಾಕೋ ಮಂದಿ ಏನು ನಾವು?’ ಅಂದಳು. ಕಾಗದದಲ್ಲಿ ಬರೆಸಲಿಲ್ಲ. ಬಾಯಿಮಾತು ಮುರಿಯದ ಮಂದಿಯನ್ನು ಗುರುತಿಸುವುದು ಬಂದರೆ ವ್ಯಾಪಾರ ಬಂದ ಹಾಗೆ. ಮಣ್ಣಿನ ಮಾಳಿಗೆ ಹೋಗಿ ಸಿಮೆಂಟಿನದಾಗಿದೆ, ಮೇಲೊಂದು ಅಂತಸ್ತು ಏರಿದೆ, ಬಾಳೆತೋಟದಲ್ಲಿ ಪ್ಲಾಟಿನ ಕಲ್ಲು ನೆಟ್ಟಿದ್ದಾರೆ. ಮಾತು ಹಾಗೇ ಇದೆ.

ಈ ವರ್ಷವೂ ನಮ್ಮ ಓಣಿಯ ಮಕ್ಕಳಿಗೆ ಬೆಳಿಗ್ಗೆ ಹರಳು ಕೊಟ್ಟು ಮಾಫಿಗೆ ಅಟ್ಟಿದೆ. ಸಂಜೆ ಟೆಂಪೋದಲ್ಲಿ ತುಂಬಿಕೊಂಡು ಕಮಲಾಪುರಕ್ಕೆ ಹೋದೆ. ಮಕ್ಕಳು ದಡದಡ ಮೆಟ್ಟಿಲು ಹತ್ತಿ ತಮ್ಮ ಹರಳುಗಳನ್ನು ಮಾಳಿಗೆಯ ಅಂಚಿಗೆ ಸಾಲಾಗಿ ಇಟ್ಟರು. ಬೇವಿನ ಮರ ಎಲೆ ಉದುರಿಸಿ ಹೊಸ ಚಿಗುರು ಹಿಡಿದಿತ್ತು. ಶರಣಮ್ಮ ಚಾಪೆಗಳನ್ನು ಬಿಚ್ಚುತ್ತ ತಲೆ ಎಣಿಸಿದಳು, ‘ಅಕ್ಕಾ, ಎಲ್ಲಾರಿಗೂ ಆದ್ವು. ಇದೊಂದು ಉಳೀತು, ಒಳಗ ಇಡ್ಲೇನು?’ ಅಂದಳು.

‘ಬ್ಯಾಡವ್ವ, ಹಾಸು’ ಅಂದೆ. ‘ತಡಾ ಆಗಿ ಬರವರೂ ಇರ್ತಾರ.’

ದೂರ ರಸ್ತೆಯಲ್ಲಿ ಒಂದು ಬಸ್ಸು ಬಂದು ನಿಂತ ಸಪ್ಪಳವಾಯಿತು. ಶರಣಮ್ಮ ಬಗ್ಗಿ ಆ ಚಾಪೆಯನ್ನು ಬೇವಿನ ಮರದ ಕಡೆಗೆ ಹಾಸಿದಳು.