ಜಾಮೀನಿಗೆ ನಿಂತ ಅಕ್ಕೋರು

ಅಕ್ಕೋರ ಬಲಗೈಯ ತೋರುಬೆರಳು ಮೇಲಿನ ಗೆಣ್ಣಿನ ಹತ್ತಿರ ಎಡಕ್ಕೆ ವಾಲಿತ್ತು. ಯಾವ ಕಾಲದಲ್ಲೋ ಶಾಲೆಯ ಕಿಟಕಿಗೆ ಸಿಕ್ಕಿ ಮುರಿದದ್ದು ಹಾಗೆಯೇ ಕೂಡಿಕೊಂಡಿತ್ತಂತೆ. ಅವರು ಒಬ್ಬರನ್ನು ತೋರಿಸಿದರೆ ಬೆರಳು ಪಕ್ಕದವರನ್ನು ತೋರಿಸುತ್ತಿತ್ತು. ತರಗತಿಯಲ್ಲಿ ‘ನೀ ಏಳು’ ಅಂದರೆ ತಪ್ಪು ಮಾಡದ ಹುಡುಗ ಎದ್ದು ನಿಲ್ಲುತ್ತಿದ್ದ, ‘ಅವನಿಗೂ ನಾಕ್ ಮಾತು ಬೀಳ್ತಿದ್ವು, ಮುಂದ ಉಪಯೋಗ ಆಕ್ಕಾವ ಅಂತ’ ಎಂದು ಅವರೇ ಹೇಳಿ ನಗುತ್ತಿದ್ದರು. ನಾನು ಸೋಫಾದಲ್ಲಿ ಅವರ ಎಡಗಡೆ ಕೂತು ಟೀವಿ ನೋಡುತ್ತಿದ್ದವನು. ಟೀವಿಯಲ್ಲಿ ಬೇಲಿ ಹಾರಿ ಓಡುತ್ತಿದ್ದ ಆರೋಪಿಯನ್ನು ಅವರು ತೋರಿಸಿದಾಗಲೆಲ್ಲ ಬೆರಳಿನ ತುದಿ ನನ್ನ ಕಡೆ ತಿರುಗಿರುತ್ತಿತ್ತು.

ಕೆನಡಾದ ಎಟೋಬಿಕೋದಲ್ಲಿ ಒಂದು ಹಳೆಯ ಬಂಗಲೆ. ಮೇಲೆ ಅಕ್ಕೋರು ಮತ್ತು ಅವರ ಮಗಳು, ಕೆಳಗೆ ಬೇಸ್‌ಮೆಂಟಿನಲ್ಲಿ ನಾನು. ಮಗಳು ಬೆಳಿಗ್ಗೆ ಏಳಕ್ಕೇ ಬರ್ಲಿಂಗ್ಟನ್ನಿನ ಆಫೀಸಿಗೆ ಕಾರಿನಲ್ಲಿ ಹೊರಟುಬಿಡುತ್ತಿದ್ದಳು. ಅಕ್ಕೋರು ಗದಗಿನ ಕಡೆಯ ಒಂದು ಹಳ್ಳಿಯಲ್ಲಿ ಮೂವತ್ತೆರಡು ವರ್ಷ ಪ್ರಾಥಮಿಕ ಶಾಲೆಯಲ್ಲಿ ಕಲಿಸಿದವರು. ಅವರ ಕಡೆ ಕಲಿಸುವ ಹೆಂಗಸರನ್ನು ಅಕ್ಕೋರು ಅನ್ನುತ್ತಾರೆ. ಮನೆಗೆ ಬರುವವರೆಲ್ಲ ಹಾಗೆ ಕರೆಯುತ್ತಿದ್ದರು, ನಾನೂ ಕರೆದೆ. ನಾನು ತುಮಕೂರಿನವನು, ಏಳನೇ ತರಗತಿಗೆ ಶಾಲೆ ಬಿಟ್ಟವನು. ಪೀಣ್ಯದಲ್ಲಿ ತಗಡಿನ ಕೆಲಸ ಕಲಿತು, ಮಸ್ಕತ್ತಿನಲ್ಲಿ ಆರು ವರ್ಷ ದುಡಿದು, ಕೈಕೆಲಸದ ಮೇಲೇ ಕೆನಡಾಕ್ಕೆ ಬಂದವನು. ಯಾರ ಶಿಫಾರಸೂ ಇರಲಿಲ್ಲ. ನಾನು ಬಗ್ಗಿಸಿದ ತಗಡಿನ ಮೂಲೆಗೆ ಮೂಲೆಮಟ್ಟ ಇಟ್ಟು ನೋಡಿ, ಕೂದಲೆಳೆಯಷ್ಟು ಸಂದು ಕಂಡರೆ ಆಮೇಲೆ ಮಾತಾಡಿ ಎನ್ನುವಷ್ಟು ಜಂಬ ನನಗೆ ಆಗಲೂ ಇತ್ತು, ಈಗಲೂ ಇದೆ.

ಬಿಸಿಗಾಳಿ ಹಾಯುವ ತಗಡಿನ ಕೊಳವೆ, ಅಂದರೆ ಡಕ್ಟು, ಮಾಡುವ ಒಂದು ಶಾಪಿನಲ್ಲಿ ನನಗೆ ಮಧ್ಯಾಹ್ನದ ಶಿಫ್ಟು. ಹನ್ನೆರಡಕ್ಕೆ ಮೇಲಿನಿಂದ ಕೂಗು ಬರುತ್ತಿತ್ತು: ‘ಏ ತಮ್ಮಾ, ಬಾ ಲಗೂನ. ಹಿಡಿಯಾವ್ರು ಬಂದ್ರು!’

ಹಿಡಿಯುವವರು ಅಂದರೆ ಟೀವಿಯ ಒಂದು ಅಮೆರಿಕದ ಕುಟುಂಬ. ಜಾಮೀನಿನ ಮೇಲೆ ಹೊರಗೆ ಬಂದು ಕೋರ್ಟಿಗೆ ಹೋಗದೆ ತಲೆಮರೆಸಿಕೊಂಡವರನ್ನು ಹುಡುಕಿ ಹಿಡಿದುಕೊಡುವುದೇ ಆ ಮನೆಯವರ ಕಸುಬು. ಅಪ್ಪನಿಗೆ ತಟ್ಟೆಯಷ್ಟು ಅಗಲದ ಬೆಲ್ಟಿನ ಬಕಲ್ಲು, ಕರಿ ಜಾಕೀಟು. ಹೆಂಡತಿ ಫೋನಿನಲ್ಲಿ ಕೂತು ಆರೋಪಿಯ ತಾಯಿಯನ್ನೋ ಗೆಳತಿಯನ್ನೋ ಮಾತಾಡಿಸಿ ಸುಳಿವು ತೆಗೆಯುತ್ತಾಳೆ. ಗಂಡುಮಕ್ಕಳಿಬ್ಬರು, ಅಳಿಯನೊಬ್ಬ ಬಾಗಿಲು ಕಾಯುತ್ತಾರೆ. ಹಿಡಿದ ಮೇಲೆ ಆ ಅಪ್ಪ ಆರೋಪಿಗೆ ತಿನ್ನಲು ಕೊಡಿಸಿ, ಕಾರಿನ ಹಿಂದಿನ ಸೀಟಿನಲ್ಲಿ ಬುದ್ಧಿ ಹೇಳುತ್ತಾನೆ. ಆರೋಪಿ ಅಳುತ್ತಾನೆ. ಮುಕ್ಕಾಲು ಪಾಲು ಇಂಗ್ಲಿಷು ನನಗೆ ಗೊತ್ತಾಗುತ್ತಿರಲಿಲ್ಲ. ಅಕ್ಕೋರು ಹೇಳುತ್ತಿದ್ದರು, ಜೊತೆಗೆ ಆ ಕುಟುಂಬಕ್ಕೂ ಬೈಯುತ್ತಿದ್ದರು.

‘ಹಿತ್ತಲ ಬಾಗಲಾ ನೋಡ್ರೋ ಮೊದಲ! ಮುಂದ ನಿಂತು ಏನ್ ಪೂಜಿ ಮಾಡ್ತೀರಿ?’

‘ಅಲ್ಲ ಅಕ್ಕೋರೆ, ಅವನೇನೋ ತಪ್ಪು ಮಾಡ್ದ. ಇವರು ಪೊಲೀಸರೂ ಅಲ್ಲ. ಇವರಿಗ್ಯಾಕೆ ಬೇಕು ಈ ಉಸಾಬರಿ?’

‘ಯಾರಾರ ಹುಡುಕ್ಕೊಂಡು ಹೋಗಬೇಕಲ್ಲೋ’ ಎನ್ನುತ್ತಿದ್ದರು. ಅದಕ್ಕಿಂತ ಹೆಚ್ಚಿಗೆ ಹೇಳುತ್ತಿರಲಿಲ್ಲ.

ಹದಿನೇಳನೇ ಇಸವಿಯ ಚಳಿಗಾಲದಲ್ಲಿ ನಾನೇ ಆರೋಪಿಯಾದೆ. ಶಾಪಿನಲ್ಲಿ ಸೂಪರ್‌ವೈಸರು ನಾನು ಮಾಡಿದ ಡಕ್ಟನ್ನು ಕಾಲಿನಿಂದ ಒದ್ದ. ಅಳತೆ ತಪ್ಪಿದ್ದು ಅವನು ಕೊಟ್ಟ ನಕ್ಷೆಯಲ್ಲಿ. ಓದಲು ಬಾರದವನನ್ನು ಕೆಲಸಕ್ಕೆ ಇಟ್ಟುಕೊಂಡರೆ ಹೀಗೇ ಎಂದು ಎಲ್ಲರೆದುರು ಅಂದ. ನಾನು ತಳ್ಳಿದೆ. ಒಂದೇ ಸಲ. ಅವನು ತಗಡಿನ ಅಟ್ಟಿಯ ಮೇಲೆ ಬಿದ್ದು ಮಣಿಕಟ್ಟು ಮುರಿಯಿತು. ಸಂಜೆಯೊಳಗೆ ನಾನು ಪೊಲೀಸರ ಕೋಣೆಯಲ್ಲಿದ್ದೆ.

ಮಾರನೆಯ ದಿನ ಕೋರ್ಟಿನಲ್ಲಿ ನನ್ನನ್ನು ಗಾಜಿನ ಪೆಟ್ಟಿಗೆಯೊಳಗೆ ನಿಲ್ಲಿಸಿದರು. ಸರ್ಕಾರ ಕೊಟ್ಟ ಲಾಯರು ಒಬ್ಬ ಪಂಜಾಬಿ ಹೆಂಗಸು, ನನ್ನ ಜೊತೆ ಹಿಂದಿಯಲ್ಲಿ ಮಾತಾಡಿದಳು. ಹೊರಗೆ ಬಿಡಬೇಕಾದರೆ ನನಗೆ ಹೊಣೆಯಾಗಿ ಒಬ್ಬರು ನಿಲ್ಲಬೇಕು, ನಾನು ಅವರ ಮನೆಯಲ್ಲೇ ಇರಬೇಕು, ಅವರು ಜೊತೆಗಿಲ್ಲದೆ ಹೊಸಿಲು ದಾಟಬಾರದು, ಶಾಪಿನ ಹತ್ತಿರ ಸುಳಿಯಬಾರದು. ತಪ್ಪಿದರೆ ಜೈಲು, ಆಮೇಲೆ ಕೆಲಸದ ಪರ್ಮಿಟ್ಟೂ ಹೋಗಿ ಊರಿಗೆ. ತುಮಕೂರಿನಲ್ಲಿ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು ನನ್ನ ಕೈಯನ್ನೇ ನೋಡಿಕೊಂಡಿದ್ದರು.

ನಾನು ಕೇಳಿದ್ದು ಒಂದೇ: ‘ತಪ್ಪಿದರೆ ಹಿಡಿಯಲು ಆ ಟೀವಿ ಫ್ಯಾಮಿಲಿ ಬರ್ತಾರಾ?’

ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ನಕ್ಕಳು. ‘ಅರೆ ಭಾಯ್‌ಸಾಬ್, ಆ ಧಂಧೆ ಅಮೆರಿಕದ್ದು. ಇಲ್ಲಿ ಅದಿಲ್ಲ. ಇಲ್ಲಿ ಹಿಡಿಯುವುದಿದ್ದರೆ ಅವರೇ’ ಎಂದು ಹಿಂದಿನ ಬೆಂಚಿನ ಕಡೆ ಕೈ ಮಾಡಿದಳು. ಅಲ್ಲಿ ಇಳಕಲ್ ಸೀರೆಯ ಮೇಲೆ ದಪ್ಪ ಕೋಟು, ಕಾಲಿಗೆ ಹಿಮದ ಬೂಟು ಹಾಕಿಕೊಂಡು ಅಕ್ಕೋರು ಕೂತಿದ್ದರು. ಹಿಂದಿನ ರಾತ್ರಿ ಠಾಣೆಯಿಂದ ನಾನು ಫೋನ್ ಮಾಡಿದ್ದು ಅವರ ಮನೆಗೇ. ಪಕ್ಕದಲ್ಲಿ ಮಗಳು, ‘ಅವ್ವಾ, ಆರ್ ಯು ಶೂರ್? ಇದು ಟೀವಿ ಅಲ್ಲ’ ಎಂದು ಕಿವಿಯಲ್ಲಿ ಹೇಳುತ್ತಿದ್ದುದು ನನಗೂ ಕೇಳಿಸುತ್ತಿತ್ತು.

ಅಕ್ಕೋರನ್ನು ಕಟಕಟೆಗೆ ಕರೆದು, ಈ ಮನುಷ್ಯನನ್ನು ಗುರುತಿಸುತ್ತೀರಾ ಎಂದು ಕೇಳಿದರು. ಅವರು ಬೆರಳು ತೋರಿಸಿದರು. ಬೆರಳು ನನ್ನ ಪಕ್ಕ ನಿಂತಿದ್ದ ಪೊಲೀಸಿನವನನ್ನು ತೋರಿಸಿತು. ಅವನು ಬೆಚ್ಚಿ ಒಂದು ಹೆಜ್ಜೆ ಸರಿದ. ಇವನು ಮಾತು ತಪ್ಪಿದರೆ ನೀವೇ ಪೊಲೀಸರಿಗೆ ಫೋನ್ ಮಾಡುತ್ತೀರಾ ಎಂಬುದು ಮುಂದಿನ ಪ್ರಶ್ನೆ. ‘ಎಸ್ ಸರ್, ಡೆಫಿನೆಟ್ಲಿ’ ಎಂದರು. ಆ ‘ಡೆಫಿನೆಟ್ಲಿ’ ನನಗೆ ಹಿಡಿಸಲಿಲ್ಲ. ಇಷ್ಟು ಜೋರಾಗಿ ಹೇಳಬೇಕಿತ್ತೆ?

ಜಾಮೀನು ಸಿಕ್ಕಿ ಮನೆಗೆ ಹೊರಟಾಗ ಕಾರಿನಲ್ಲಿ ಮಗಳು ಮತ್ತೆ ಗೊಣಗಿದಳು. ಅಕ್ಕೋರು ಹೇಳಿದರು: ‘ನಲವತ್ತು ಹುಡುಗರನ್ನ ಒಂದ್ ಖೋಲ್ಯಾಗ ಇಟ್ಟಾಕಿ ನಾ. ಒಬ್ಬನ್ನ ಇಡಾಕ ಆಗೂದಿಲ್ಲೇನು?’

ಮರುದಿನದಿಂದ ಹಾಜರಿ ಶುರುವಾಯಿತು. ಉದ್ದನೆಯ ಒಂದು ನೋಟುಪುಸ್ತಕಕ್ಕೆ ಗೆರೆ ಹಾಕಿ, ನೀಲಿ ಮತ್ತು ಕೆಂಪು ಪೆನ್ನು ಕಟ್ಟಿ ಇಟ್ಟುಕೊಂಡರು. ಬೆಳಿಗ್ಗೆ ಏಳೂವರೆಗೆ ಮೆಟ್ಟಿಲ ಮೇಲೆ ನಿಂತು ಕೂಗುವರು: ‘ನಂಬರ್ ಒಂದು!’

ನಂಬರ್ ಎರಡು ಇರಲಿಲ್ಲ. ಮೊದಲ ದಿನ ನನಗೆ ಸಿಟ್ಟು ಬಂದು ಉತ್ತರಿಸಲಿಲ್ಲ. ನಲವತ್ತೊಂದು ವಯಸ್ಸಿನ ಗಂಡಸು ನಾನು. ಅವರು ಮತ್ತೆ ಕೂಗಿದರು. ಮೂರನೆಯ ಸಲ ‘ಹಾಜರ್ ಅಕ್ಕೋರೆ’ ಅಂದೆ. ಮಧ್ಯಾಹ್ನ ಒಂದು ಸಲ, ಸಂಜೆ ಒಂದು ಸಲ. ಹನ್ನೆರಡಕ್ಕೆ ಟೀವಿಯ ಕುಟುಂಬ ಎಂದಿನಂತೆ ಬರುತ್ತಿತ್ತು. ಆದರೆ ಈಗ ಯಾರ ಪರ ವಹಿಸಬೇಕೆಂದು ನನಗೆ ತಿಳಿಯುತ್ತಿರಲಿಲ್ಲ. ಓಡುವವನು ಬೇಲಿ ಹಾರಿದರೆ ಒಳಗೊಳಗೇ ‘ಹಾರು’ ಅನ್ನುತ್ತಿದ್ದೆ. ಅಕ್ಕೋರಿಗೆ ಅದು ಗೊತ್ತಾಗುತ್ತಿತ್ತು.

ಎರಡು ತಿಂಗಳಾದ ಮೇಲೆ ಶಾಪಿನ ಗೆಳೆಯನೊಬ್ಬ ಫೋನ್ ಮಾಡಿದ. ನನ್ನ ಲಾಕರು ಖಾಲಿ ಮಾಡುತ್ತಾರೆ, ಟೂಲ್‌ಬಾಕ್ಸು ನಾಳೆ ಕಸಕ್ಕೆ ಹೋಗುತ್ತದೆ ಎಂದ. ಅದರೊಳಗೆ ಪೀಣ್ಯದಲ್ಲಿ ಮೊದಲ ಸಂಬಳದಲ್ಲಿ ಕೊಂಡ ಸುತ್ತಿಗೆ, ಮೂಲೆಮಟ್ಟ, ತಗಡು ಕತ್ತರಿ ಇದ್ದವು. ಆ ಕತ್ತರಿಯ ಹಿಡಿ ನನ್ನ ಅಂಗೈಯ ಆಕಾರಕ್ಕೆ ಸವೆದಿತ್ತು. ಅಕ್ಕೋರಿಗೆ ಹೇಳಿದೆ. ‘ಲಾಯರಿಗೆ ಕೇಳೂಣು, ತಡಿ’ ಎಂದರು. ಲಾಯರು ಫೋನ್ ಎತ್ತಲಿಲ್ಲ. ಮಾರನೆಯ ದಿನ ಅಕ್ಕೋರು ಸ್ನಾನಕ್ಕೆ ಹೋದಾಗ ನಾನು ಬೂಟು ಹಾಕಿಕೊಂಡು ಹಿತ್ತಲ ಬಾಗಿಲಿನಿಂದ ಹೊರಬಿದ್ದೆ.

ಬಸ್ಸಿನಲ್ಲಿ ಮೂರು ಸ್ಟಾಪು ದಾಟುವಷ್ಟರಲ್ಲಿ ಒಬ್ಬ ದೈತ್ಯ ಹತ್ತಿದ. ಕರಿ ಜಾಕೀಟು, ಕಪ್ಪು ಕನ್ನಡಕ, ತಟ್ಟೆಯಷ್ಟು ಅಗಲದ ಬಕಲ್ಲು. ಇಲ್ಲಿ ಆ ಧಂಧೆ ಇಲ್ಲವೆಂದು ಲಾಯರು ಹೇಳಿದ್ದಳು ನಿಜ. ಆದರೆ ಆ ಬಕಲ್ಲು ಕಂಡ ಮೇಲೆ ಯಾವ ಲಾಯರ ಮಾತೂ ನೆನಪಿಗೆ ಬರಲಿಲ್ಲ. ಮುಂದಿನ ಸ್ಟಾಪಿನಲ್ಲಿ ಇಳಿದೆ. ಅವನೂ ಇಳಿದ. ಮೂಲೆಯ ಕಾಫಿ ಅಂಗಡಿಗೆ ನುಗ್ಗಿದೆ. ಅವನೂ ಬಂದ. ಒಂದು ಡಜನ್ ಡೋನಟ್ ಕಟ್ಟಿಸಿಕೊಂಡು, ಬಾಗಿಲಲ್ಲಿ ನನಗೆ ‘ಸಾರಿ’ ಎಂದು ದಾರಿ ಬಿಡಿಸಿಕೊಂಡು ಹೊರಟುಹೋದ. ನಾನು ಕಿಟಕಿಯ ಹತ್ತಿರ ಕೂತೆ. ದೂರದಲ್ಲಿ ಶಾಪಿನ ಗೇಟು ಕಾಣುತ್ತಿತ್ತು. ಹೋಗಲೋ, ತಿರುಗಲೋ ಗೊತ್ತಾಗದೆ ಒಂದು ತಾಸು ಹಾಗೇ ಕೂತಿದ್ದೆ.

ಎದುರಿನ ಕುರ್ಚಿ ಎಳೆದ ಸದ್ದಾಯಿತು. ಅಕ್ಕೋರು! ಕೋಟಿನ ಮೇಲೆ ಹಿಮ, ತಲೆಗೂದಲು ಇನ್ನೂ ಒದ್ದೆ. ಏದುಸಿರು ಬಿಡುತ್ತಲೇ ಚೀಲದಿಂದ ಆ ಉದ್ದನೆಯ ಪುಸ್ತಕ ತೆಗೆದು ಮೇಜಿನ ಮೇಲಿಟ್ಟರು.

‘ನಂಬರ್ ಒಂದು?’

‘ಹಾಜರ್ ಅಕ್ಕೋರೆ.’

ಏನೋ ಗುರುತು ಹಾಕಿ ಪುಸ್ತಕ ಮುಚ್ಚಿದರು. ಹೋಗಿ ಎರಡು ಕಾಫಿ, ಒಂದು ಡೋನಟ್ ತಂದು ನನ್ನ ಮುಂದೆ ತಳ್ಳಿದರು. ‘ತಿನ್ನು. ಹಿಡಿದ ಮ್ಯಾಲೆ ತಿನ್ನಾಕ ಕೊಡಬೇಕು.’

‘ಹೆಂಗ್ ಗೊತ್ತಾಯ್ತು ನಾನಿಲ್ಲಿದೀನಿ ಅಂತ?’

‘ಟೀವ್ಯಾಗಿನ ಆಕಿ ಏನಂತಾಳ? ಓಡಿದಾಂವ ತನ್ನ ಸಾಮಾನಿನ ಕಡೆನ ಓಡ್ತಾನ ಅಂತಾಳಿಲ್ಲೋ. ಬಸ್ಸಿಂದ ಇಳದೆ, ಕಿಟಕ್ಯಾಗ ನಿನ್ನ ಮಾರಿ ಕಾಣ್ತು.’ ಕಾಫಿ ಕುಡಿದು ಕೇಳಿದರು: ‘ನೀ ಏಳನೇ ಕ್ಲಾಸಿಗೆ ಸಾಲಿ ಬಿಟ್ಟಾಗ ಯಾರಾರ ಹುಡುಕ್ಕೊಂಡು ಬಂದಿದ್ರೇನು?’

‘ಯಾರೂ ಇಲ್ಲ.’

‘ನಾ ಹೋಗ್ತಿದ್ದೆ. ಸೇಂಗಾ ಹೊಲಕ್ಕ, ಇಟ್ಟಂಗಿ ಭಟ್ಟಿಗೆ. ಕಿವಿ ಹಿಡದು ಎಳಕೊಂಡು ಬರ್ತಿದ್ದೆ. ಒಬ್ಬಾಂವ ನನ್ನ ನೋಡಿ ಗಿಡಾ ಏರಿದ್ದ. ಸಂಜೀತನಕಾ ಗಿಡದ ಬುಡಕ್ಕ ಕೂತಿದ್ದೆ.’

ಇನ್ನೇನು ಎಲ್ಲ ಮುಗಿಯಿತು, ಮನೆಗೆ ಹೋಗುವುದಷ್ಟೇ ಅಂದುಕೊಂಡೆ. ಆಗ ಅಕ್ಕೋರು ಮಡಚುವ ಫೋನು ತೆಗೆದರು.

‘ಮಾತು ಕೊಟ್ಟೀನಿ’ ಎಂದರು.

‘ಅಕ್ಕೋರೆ, ಬೇಡ. ನನ್ನ ಹೆಂಡ್ತಿ ಮಕ್ಕಳು…’

‘ಡೆಫಿನೆಟ್ಲಿ ಅಂದೀನಿ, ತಮ್ಮಾ.’

ಫೋನನ್ನು ಬಹಳ ಹೊತ್ತು ಕಿವಿಗಿಟ್ಟುಕೊಂಡು ಕೂತರು. ಆಮೇಲೆ ಇಂಗ್ಲಿಷಿನಲ್ಲಿ, ತರಗತಿಯಲ್ಲಿ ಪಾಠ ಒಪ್ಪಿಸುವವರಂತೆ: ‘ಗುಡ್ ಮಾರ್ನಿಂಗ್. ಮೈ ಬೇಲ್ ಬಾಯ್ ವಾಸ್ ಆಬ್ಸೆಂಟ್, ಒನ್ ಅವರ್. ನೌ ಪ್ರೆಸೆಂಟ್.’ ಆ ಕಡೆಯಿಂದ ಏನು ಬಂತೋ ನನಗೆ ಕೇಳಿಸಲಿಲ್ಲ. ‘ಎಸ್. ವಿತ್ ಮಿ. ಈಟಿಂಗ್.’ ಆಮೇಲೆ ‘ಥ್ಯಾಂಕ್ ಯು.’ ಫೋನು ಮಡಚಿದರು.

‘ಏನಂದ್ರು?’

‘ಓಕೆ ಅಂದ್ರು.’

ಯಾರು, ಏನು ಓಕೆ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಅವರು ಎದ್ದು, ಬಾಗಿಲ ಬಳಿ ಬಿಟ್ಟಿದ್ದ ತರಕಾರಿಯ ಎರಡು ಚಕ್ರದ ಗಾಡಿಯನ್ನು ಹಿಡಿದುಕೊಂಡರು. ಅದನ್ನು ತಂದಿದ್ದಾರೆಂದು ಆಗಲೇ ನನಗೆ ಗೊತ್ತಾದದ್ದು. ‘ಇಲ್ಲೇ ಕಿಟಕಿಗೆ ನಿಂದರು. ನನಗ ಕಾಣಬೇಕು’ ಎಂದು ಹಿಮದಲ್ಲಿ ಶಾಪಿನ ಕಡೆ ನಡೆದರು. ಹತ್ತು ಹೆಜ್ಜೆಗೊಮ್ಮೆ ತಿರುಗಿ ನನ್ನತ್ತ ಬೆರಳು ತೋರಿಸಿ ಎಚ್ಚರಿಸುವರು. ಬೆರಳು ಪಕ್ಕದ ಮೇಜಿನ ಮುದುಕನನ್ನು ತೋರಿಸುತ್ತಿತ್ತು. ಅವನು ಪ್ರತಿ ಸಲವೂ ಕೈ ಬೀಸಿದ. ಅರ್ಧ ತಾಸಿನ ಮೇಲೆ ಅಕ್ಕೋರು ನನ್ನ ಟೂಲ್‌ಬಾಕ್ಸನ್ನು ಗಾಡಿಯ ಮೇಲೆ ಹೇರಿಕೊಂಡು ಎಳೆಯುತ್ತಾ ಬಂದರು. ಅವರು ಅಲ್ಲಿ ಯಾರ ಹತ್ತಿರ ಏನು ಮಾತಾಡಿದರೋ ಹೇಳಲಿಲ್ಲ. ‘ನಿನ್ನ ಸೂಪರ್‌ವೈಸರ್ ಏನ್ ಕೆಟ್ಟ ಮನಷಾ ಅಲ್ಲ’ ಅಂದರು, ಅಷ್ಟೇ. ಅದಕ್ಕೂ ನನಗೆ ಸಿಟ್ಟು ಬಂತು.

ಆಮೇಲೆ ವಾರಗಟ್ಟಲೆ ಬಾಗಿಲು ಬಡಿದರೆ ಸಾಕು, ಪೊಲೀಸರೇ ಬಂದರು ಅಂದುಕೊಳ್ಳುತ್ತಿದ್ದೆ. ಯಾರೂ ಬರಲಿಲ್ಲ. ಬೇಸಿಗೆಯಲ್ಲಿ, ಒಂದು ವರ್ಷ ಸೂಪರ್‌ವೈಸರನ ಗೊಡವೆಗೆ ಹೋಗುವುದಿಲ್ಲವೆಂದು ಕೋರ್ಟಿಗೆ ಬರೆದುಕೊಟ್ಟ ಮೇಲೆ ಕೇಸು ಬಿಟ್ಟರು. ಸ್ಕಾರ್‌ಬರೋದಲ್ಲಿ ಹೊಸ ಕೆಲಸ ಸಿಕ್ಕಿತು. ಮನೆ ಬದಲಿಸುವ ದಿನ ಅಕ್ಕೋರು ಮೆಟ್ಟಿಲ ಮೇಲೆ ನಿಂತು ‘ರಜಾ’ ಎಂದರು.

ಆ ಫೋನು ಯಾರಿಗೆ ಹೋಯಿತು? ಎರಡು ವರ್ಷ ನಾನು ನನ್ನನ್ನೇ ಸಮಾಧಾನ ಮಾಡಿಕೊಂಡಿದ್ದೆ: ಮಗಳಿಗೆ ಮಾಡಿರಬೇಕು, ನನ್ನನ್ನು ಹೆದರಿಸಲು. ಹತ್ತೊಂಬತ್ತರ ಶರತ್ಕಾಲದಲ್ಲಿ ಅಕ್ಕೋರು ಆಸ್ಪತ್ರೆಯಲ್ಲಿ ತೀರಿಕೊಂಡರು. ದಹನಕ್ಕೆ ಹೋದಾಗ ಮಗಳ ಹತ್ತಿರ ಕೇಳಿಯೇಬಿಟ್ಟೆ.

‘ನೆನಪಿಲ್ಲ ಅಣ್ಣಾ. ಅವ್ವ ದಿನಕ್ಕ ನಾಕ್ ಸಲ ಫೋನ್ ಮಾಡ್ತಿದ್ಲು. ಮೀಟಿಂಗ್ನ್ಯಾಗ ಇದ್ರ ನಾ ಸುಮ್ನ ಓಕೆ ಓಕೆ ಅಂತಿದ್ದೆ’ ಎಂದಳು ಅವಳು, ಮತ್ತೆ ಅಳತೊಡಗಿದಳು. ಓಕೆ ಅಂತ ಪೊಲೀಸರೂ ಅನ್ನುತ್ತಾರೆ.

ನಾನು ಹೊರಡುವಾಗ ಹಾಜರಿ ಪುಸ್ತಕವನ್ನು ಅವಳು ನನಗೆ ಕೊಟ್ಟಳು. ಎಲ್ಲ ದಿನಗಳಿಗೂ ನೀಲಿಯಲ್ಲಿ ‘ಹಾ’ ಇದೆ. ಆ ಒಂದು ದಿನ ಮಾತ್ರ ಗೈರುಹಾಜರಿಯ ಕೆಂಪು ‘ಗೈ’ ಮತ್ತು ಹಾಜರಿಯ ನೀಲಿ ‘ಹಾ’ ಒಂದರ ಮೇಲೊಂದು ಬಿದ್ದಿವೆ. ನನ್ನನ್ನು ಹಿಡಿದುಕೊಡಲು ಬಂದವರೇ ಅದೇ ಕೈಯಲ್ಲಿ ಗಾಡಿಯನ್ನೂ ಎಳೆದುಕೊಂಡು ಬಂದಿದ್ದರು. ಅದು ಒಬ್ಬರಿಗೇ ಹೇಗೆ ಸಾಧ್ಯ ಎಂದು ನನಗೆ ಈಗಲೂ ಬಗೆಹರಿದಿಲ್ಲ. ಹೆಂಡತಿ ಇಲ್ಲಿಗೆ ಬಂದ ಮೇಲೆ ಅವಳಿಗೂ ಆ ಪುಟ ತೋರಿಸಿದೆ. ಅವಳು ಪಿಯುಸಿ ಓದಿದವಳು. ಯಾವುದನ್ನು ಮೊದಲು ಬರೆದಿದ್ದಾರೆ ಹೇಳು ಅಂದೆ. ಬೆಳಕಿಗೆ ಹಿಡಿದು, ತಿರುಗಿಸಿ ನೋಡಿ, ‘ಗೊತ್ತಾಗಲ್ಲ ಕಣ್ರೀ, ಎರಡನ್ನೂ ಒತ್ತಿ ಬರ್ದವ್ರೆ’ ಎಂದಳು.