ಮೂರು ಮನೆಗೊಂದು ಪೆಟ್ಟಿಗೆ

ಎಪ್ಪತ್ತರ ದಶಕದ ಒಂದು ಚಳಿಗಾಲ. ವಿಜಾಪುರದಿಂದ ಬೆಳಗಿನ ಎಂಟರ ಬಸ್ಸಿಗೆ ಟಿಕೋಟಾಕ್ಕೆ ಹೊರಟಾಗ ನನ್ನ ಬಳಿ ಎರಡು ಗೋಣಿಚೀಲಗಳಿದ್ದವು. ಎರಡರಲ್ಲೂ ಬಟ್ಟೆ ಒಗೆಯುವ ಸಾಬೂನು, ನಮ್ಮ ಕಡೆಯ ಮಾತಿನಲ್ಲಿ ಸಬಕಾರ, ಮತ್ತು ಚಹಾಪುಡಿ. ಒಂದು ಟಿಕೋಟಾದ ನನ್ನ ನಾದಿನಿ ಗಂಗವ್ವನ ಪಾಲು, ಇನ್ನೊಂದು ಬಬಲೇಶ್ವರದ ಗೆಳತಿ ಮಹಬೂಬಿಯದು. ಕಂಡಕ್ಟರ್ ನನಗೆ ಎಂಬತ್ತು ಪೈಸೆಯ ಟಿಕೇಟು ಹರಿದು, ಚೀಲಗಳಿಗೆ ಬೇರೆ ಲಗೇಜು ಹಾಕಿದ.

"ಬಾಯಾರ, ಅಂಗಡಿ ಇಟ್ಟೀರೇನ್ರಿ?" ಎಂದು ಕೇಳಿದ.

ಅಂಗಡಿ ಇರಲಿಲ್ಲ, ಷೇರು ಇತ್ತು. ನಮ್ಮ ಮನೆಯವರ ಕಚೇರಿಯ ನೌಕರರು ಕೂಡಿ ಒಂದು ಸಹಕಾರಿ ಭಂಡಾರ ನಡೆಸುತ್ತಿದ್ದರು. ಷೇರು ಕಟ್ಟಿದವರಿಗಷ್ಟೇ ಮಾಲು. ಕೊಂಡರೆ ಇಡೀ ಪೆಟ್ಟಿಗೆ, ಇಡೀ ಚೀಲ. ಬಿಡಿಯಾಗಿ ಏನೂ ಸಿಗುತ್ತಿರಲಿಲ್ಲ, ಆದರೆ ದರ ಬಜಾರಿಗಿಂತ ಕಡಿಮೆ. ಒಂದು ಮನೆಗೆ ಹೆಚ್ಚಾಗುವುದನ್ನು ಮೂರು ಮನೆ ಹಂಚಿಕೊಳ್ಳಬಹುದೆಂದು ಉಪಾಯ ಹೂಡಿದವಳು ನಾನೇ. ಉಳಿತಾಯ ಅಂದರೆ ನಮ್ಮ ಮನೆಯವರು ಯಾವುದಕ್ಕೂ ಒಲ್ಲೆ ಎನ್ನುವವರಲ್ಲ.

ನಿಜ ಹೇಳಬೇಕೆಂದರೆ ಸಾಬೂನು ಒಂದು ನೆಪ. ಮಹಬೂಬಿ ಮತ್ತು ನಾನು ವಿಜಾಪುರದಲ್ಲಿ ಒಂದೇ ಗೋಡೆಯ ಆಚೆ ಈಚೆ ಬೆಳೆದವರು. ಅವಳನ್ನು ಬಬಲೇಶ್ವರಕ್ಕೆ ಕೊಟ್ಟ ಮೇಲೆ ಅವಳ ಮುಖ ಕಾಣಲು ನನಗಿದ್ದದ್ದು ಇದೊಂದೇ ದಾರಿ, ಅದೂ ವರ್ಷಕ್ಕೆ ಎರಡು ಸಲ. ಮಾತಾಡಬೇಕಾದ ಮಾತುಗಳನ್ನು ನಾನು ತಿಂಗಳುಗಟ್ಟಲೆ ಕೂಡಿಟ್ಟುಕೊಳ್ಳುತ್ತಿದ್ದೆ.

ಟಿಕೋಟಾ ಮುಟ್ಟಲು ಸುಮಾರು ಒಂದು ತಾಸು ಹಿಡಿಯಿತು. ದಾರಿಯ ಎರಡೂ ಬದಿಗೆ ಬಿಳಿಜೋಳ ತೆನೆ ಹಿಡಿದು ನಿಂತಿತ್ತು. ಕಿಟಕಿಗೆ ಗಾಜಿರಲಿಲ್ಲ, ಸೆರಗನ್ನು ಕಿವಿಗೆ ಬಿಗಿದು ಕುಳಿತೆ. ಗಂಗವ್ವ ಬಿಸಿ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ, ಕೆನೆಮೊಸರು ಬಡಿಸಿದಳು. ಹೊಟ್ಟೆ ತುಂಬಿಸಿದ ಮೇಲೆ ಬಾಯಿ ತೆರೆದಳು.

"ವೈನಿ, ಮುಂದಿನ ಸಲದಿಂದ ನನ್ನ ಪಾಲು ಬ್ಯಾಡ್ರಿ. ಹೋದ ಸಲದ ಚಹಾ ಸಬಕಾರ ನಾರತಿತ್ತು. ಮನ್ಯಾಗ ರಾಶಿ ಬಿದ್ದೈತಿ ಅಂತ ಹುಡುಗ್ರು ಸಬಕಾರ ನೀರಾಗ ಬಿಟ್ಟ ಬರ್ತಾವ. ಇಲ್ಲಿ ಮೂಲಿ ಅಂಗಡ್ಯಾವ್ರು ಬೆಲ್ಲ ತೂಗಿದ ಮ್ಯಾಲೆ ಒಂದ ಚೂರು ಕೊಸರು ಹಾಕ್ತಾರ. ನಿಮ್ಮ ಭಂಡಾರದಾಗ ಕೊಸರು ಐತೇನು?"

"ದರ ಕಡಿಮಿ ಐತಲ್ಲ, ತೂಕಾನೂ ಖರೆ ಇರತೈತಿ" ಎಂದೆ.

"ಕಡಿಮಿ ಐತಿ ಅಂತ ಎರಡ ಪಟ್ಟು ತರ್ತೀರಲ್ರಿ."

ಎರಡೇ ಮನೆಗೆ ಇಡೀ ಪೆಟ್ಟಿಗೆ ಖರ್ಚಾಗುವುದಿಲ್ಲ. ಪೆಟ್ಟಿಗೆ ಇಲ್ಲವೆಂದರೆ ನನಗೆ ಬಬಲೇಶ್ವರವೂ ಇಲ್ಲ. ಮಧ್ಯಾಹ್ನ ಒಂದರ ಬಸ್ಸಿನಲ್ಲಿ ಉಳಿದ ಒಂದೇ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕುಳಿತೆ.

ಬಬಲೇಶ್ವರದಲ್ಲಿ ಮಹಬೂಬಿಯ ಮನೆಯ ಗುರುತು ಮೊದಲು ಹತ್ತಲಿಲ್ಲ. ಬೀದಿಗೆ ಹೊಂದಿದ ಕೋಣೆಗೆ ಹೊಸ ಹಲಗೆ ಬಾಗಿಲು ಕೂಡಿಸಿ ಅಲ್ಲಿ ಕಿರಾಣಿ ಅಂಗಡಿ ತೆರೆದಿದ್ದರು. ಅವಳ ಗಂಡ ತಕ್ಕಡಿಯ ಹಿಂದಿನಿಂದ ಎದ್ದು ಬಂದು ಚೀಲ ಇಳಿಸಿಕೊಂಡರು. ಅವರ ಬೆನ್ನ ಹಿಂದೆ ಅದೇ ಸಾಬೂನಿನ ಪೆಟ್ಟಿಗೆಗಳು ಮಾಡಿನವರೆಗೆ ಏರಿದ್ದವು.

"ಅಕ್ಕಾರ, ಇಷ್ಟ ಭಾರ ಯಾಕ ಹೊತ್ಕೊಂಡ ಬಂದ್ರಿ? ಇದ ಮಾಲು ನಮ್ಮಲ್ಲೂ ಐತಲ್ರಿ" ಎಂದರು ಪಾಪ, ಮರ್ಯಾದೆಯಿಂದಲೇ. ಸಮುದ್ರಕ್ಕೆ ಉಪ್ಪು ಹೊತ್ತವಳಂತೆ ನಾನು ನಿಂತಿದ್ದೆ.

ಮಹಬೂಬಿ ಒಳಗಿನಿಂದ ಬಂದು ಚೀಲವನ್ನು ಎತ್ತಿ ನೇರ ಅಡುಗೆಮನೆಗೆ ಒಯ್ದಳು. "ಅಂಗಡೀದು ಅಂಗಡೀದು, ಇದು ನಂದು" ಎಂದು ಗಂಡನಿಗೆ ಹೇಳಿದಳು. ಚಹಾ ಕುದಿಯುವಾಗ ನಾನು ಗಂಗವ್ವ ಪಾಲು ಬಿಟ್ಟ ಸಂಗತಿ ತಿಳಿಸಿದೆ. ಇನ್ನು ನಾನು ಬರುವುದು ಹೇಗೆ ಎಂದು ಕೇಳುವಾಗ ಕಣ್ಣು ತುಂಬಿದವು.

"ಶಾಂತಾ, ಸಬಕಾರ ಇಲ್ಲಂದ್ರ ನೀ ನನ್ನ ಮನಿಗಿ ಬರೂದಿಲ್ಲೇನು?"

ಅವಳು ಸಿಟ್ಟಿನಿಂದ ಕೇಳಲಿಲ್ಲ. ಮದುವೆ, ಬಾಣಂತನ, ಸಾವು, ಇಷ್ಟಕ್ಕೆ ನಮ್ಮ ಮನೆಯ ಹೆಂಗಸರು ಬಸ್ಸು ಹತ್ತುತ್ತಿದ್ದರು. ಗೆಳತಿಯ ಮುಖ ನೋಡಬೇಕೆಂದು ಯಾರೂ ಹೊರಟದ್ದಿಲ್ಲ. ನಮ್ಮ ಮನೆಯವರು ಮಾತ್ರ ದಿನಾ ಸಂಜೆ ಗೆಳೆಯರೊಂದಿಗೆ ಹೋಟೆಲಿನಲ್ಲಿ ಕೂರುತ್ತಿದ್ದರು, ಯಾವ ಸಾಮಾನು ತರುವುದಕ್ಕೂ ಅಲ್ಲ.

ಐದರ ಬಸ್ಸಿಗೆ ಅವಳು ನಿಲ್ದಾಣದವರೆಗೆ ಬಂದಳು. ಬಸ್ಸು ಹೊರಟ ಮೇಲೂ ಅವಳು ಅಲ್ಲೇ ನಿಂತಿದ್ದಳು. ನಾನು ತಿರುವಿನವರೆಗೂ ನೋಡಿದೆ.

ವಿಜಾಪುರ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ನಮ್ಮ ಮನೆಯವರು ಕಟ್ಟೆಯ ಮೇಲೆ ಕುಳಿತಿದ್ದರು.

"ಈ ಸಲ ಎಷ್ಟ ಉಳೀತು?" ಎಂದು ಕೇಳಿದರು.

"ಏನೂ ಉಳೀಲಿಲ್ರಿ. ಮುಂದಿನ ತಿಂಗಳ ಮತ್ತ ಬಬಲೇಶ್ವರಕ್ಕ ಹೋಗಾಕಿ ಅದೀನಿ."

"ಇವತ್ತರೆ ಕೊಟ್ಟ ಬಂದಿ. ಮತ್ತೇನ ಒಯ್ಯಾಕಿ?"

"ಏನೂ ಒಯ್ಯೂದಿಲ್ರಿ" ಎಂದೆ. "ಮಹಬೂಬಿನ್ನ ನೋಡಿ ಬರ್ತೀನಿ."